ಬೆನ್ನ ಹಿಂದಿನ ಬೆರಳು

ಸಂಡೂರಿನ ಬಸ್ಸು ಗುಡ್ಡದ ತಿರುವಿನಲ್ಲಿ ವಾಲಿದಾಗಲೆಲ್ಲ, ಕಾಲ ನಡುವೆ ನಿಲ್ಲಿಸಿಕೊಂಡಿದ್ದ ಗಿಟಾರಿನ ಕತ್ತು ಬಂದು ಯಲ್ಲೇಶನ ಗದ್ದಕ್ಕೆ ಬಡಿಯುತ್ತಿತ್ತು. ಅವನು ಅದನ್ನು ಸರಿಸಲಿಲ್ಲ. ಬಡಿಯಲಿ ಎಂದು ಬಿಟ್ಟಿದ್ದ. ಕಿಟಕಿಯಾಚೆ ಅದಿರಿನ ಲಾರಿಗಳು ತಾಡಪತ್ರಿ ಹೊದ್ದು ಸಾಲಾಗಿ ನಿಂತಿದ್ದವು. ಬೇವಿನ ಎಲೆಗಳ ಮೇಲೆ, ಗೂಡಂಗಡಿಯ ಬಾಳೆಗೊನೆಯ ಮೇಲೆ, ಮಲಗಿದ್ದ ನಾಯಿಯ ಮೈಮೇಲೆ ಒಂದೇ ಕೆಂಪು ಧೂಳು ಕೂತು, ಬಸ್ಸು ಯಾವುದೋ ಹಳೆಯ ಫೋಟೋದೊಳಗೆ ಓಡುತ್ತಿರುವಂತಿತ್ತು. ಗಣಿಯ ತೂಕದ ಕಟ್ಟೆಯ ಮೇಲೆ ಅವನಿಗೆ ಏಳು ವರ್ಷದ ಕೆಲಸ. ಲಾರಿ ಬಂದು ಹಲಗೆಯ ಮೇಲೆ ನಿಂತಾಗ ಪೆಟ್ಟಿಗೆಯ ಅಂಕಿಗಳು ಓಡಾಡುತ್ತವೆ, ಹೆದರಿದ ಇರುವೆಗಳ ಹಾಗೆ. ಅವು ಒಂದು ಕಡೆ ನಿಲ್ಲುವ ತನಕ ಕಾಯಬೇಕು, ನಿಂತ ಮೇಲೆ ಓದಿ ಹೇಳಬೇಕು. ಅಷ್ಟೇ ಕೆಲಸ. ಏಳು ವರ್ಷದಲ್ಲಿ ಅವನ ಬಾಯಿಂದ ಒಂದು ಅಂಕಿ ತಪ್ಪು ಬಂದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಯಲ್ಲೇಶ ಹೇಳಿದ ಅಂದರೆ ಮುಗೀತು, ಮತ್ತೆ ತೂಗಿ ನೋಡೋದು ಬ್ಯಾಡ ಅನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನು ಮುಂದಿನ ಲಾರಿಯನ್ನು ಬೇಗ ಬೇಗ ಕರೆಯುತ್ತಿದ್ದ.

ನಿನ್ನೆ ಹುಲುಗಪ್ಪಣ್ಣನ ಫೋನು ಬಂದಾಗ ಹಲಗೆಯ ಮೇಲೆ ಲಾರಿ ಇತ್ತು. ಹುಲುಗಪ್ಪ ಆರ್ಕೆಸ್ಟ್ರಾದ ಯಜಮಾನ. ಮದುವೆ, ಆರತಕ್ಷತೆ, ಊರ ಉತ್ಸವ, ಯಾವುದಕ್ಕೆ ಕರೆದರೂ ಟೆಂಪೋದಲ್ಲಿ ತನ್ನ ಆರೇಳು ಜನರನ್ನು ತುಂಬಿಕೊಂಡು ಹೊರಡುವವನು. ದರೋಜಿಯ ಕಾರ್ಯಕ್ರಮದಲ್ಲಿ ಜನರೇಟರಿನ ಏರಿಳಿತಕ್ಕೆ ಯಲ್ಲೇಶನ ಗಿಟಾರಿನ ದನಿ ಏರಿಸುವ ಆಂಪು ಸುಟ್ಟು ಹೊಗೆಯಾಡಿತ್ತು. ಮುಂದೆ ಕೂತ ಮಕ್ಕಳು ಅದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದ್ದರು. ಹೊಸಪೇಟೆಯಲ್ಲಿ ಎರ್ರಿಯಪ್ಪನ ಅಂಗಡಿಯಲ್ಲಿ ಎರಡು ಆಂಪುಗಳಿವೆಯಂತೆ. ಒಂದು ಹೊಸದು, ಅದರೊಳಗೆ ನಲವತ್ತು ದನಿ. ಇನ್ನೊಂದು ಹಳೆಯದು, ಒಂದೇ ದನಿ. ನಾಳೆ ಗುರುವಾರ ರಜೆ ಹಾಕಿ ಹೋಗಿ, ಎರಡನ್ನೂ ನುಡಿಸಿ ನೋಡಿ, ಒಂದನ್ನು ತರಬೇಕು. ಭಾನುವಾರ ಗಂಗಾವತಿಯಲ್ಲಿ ಕಾರ್ಯಕ್ರಮ. ಇಷ್ಟು ಹೇಳಿ ಹುಲುಗಪ್ಪ ಫೋನಿಡುವ ಮುಂಚೆ ಸುಮ್ಮನೆ ಅನ್ನುವ ಹಾಗೆ ಒಂದು ಮಾತು ಸೇರಿಸಿದ.

"ಪಂಪಕ್ಕಗೂ ಬಾ ಅಂದೀನಿ. ಆಕಿ ಕಿವಿ ಚಲೋ ಐತಿ. ಆಂಪು ನೋಡಾಕ ಬಂದ್ರ ಹಂಗ ಭಾನುವಾರ ಹಾಡಾಕೂ ಬಂದಾಳು. ನೀನೂ ಒಂದ್ ಮಾತು ಹೇಳಿ ನೋಡು. ನಿನ್ನ ಮಾತು ನಂಬ್ತಾಳ ಆಕಿ."

ನಂಬುತ್ತಾಳೆ. ಯಲ್ಲೇಶ ಪೆಟ್ಟಿಗೆ ನೋಡಿದ. ಅಂಕಿ ನಿಂತು ಎಷ್ಟೋ ಹೊತ್ತಾಗಿತ್ತು. ಲಾರಿಯವನು ಕಿಟಕಿಯಿಂದ ತಲೆ ಹಾಕಿ, ಮಲಗಿದ್ಯೇನಪ್ಪ ಎಂದು ಕೇಳುತ್ತಿದ್ದ.

ಪಂಪಾವತಿ ಕಂಪ್ಲಿಯವಳು. ಅವನಿಗಿಂತ ಆರು ವರ್ಷ ದೊಡ್ಡವಳು, ಎಲ್ಲರಿಗೂ ಪಂಪಕ್ಕ. ಎರಡು ವರ್ಷದ ಹಿಂದಿನವರೆಗೆ ಆರ್ಕೆಸ್ಟ್ರಾ ಅಂದರೆ ಅವಳ ದನಿಯೇ. ಅವಳಿಗೂ ವಾದ್ಯದವರಿಗೂ ನಡುವೆ ಒಂದು ಪದ್ಧತಿಯಿತ್ತು. ಹುಲುಗಪ್ಪನ ತಂಡ ಬಿಟ್ಟರೆ ಬೇರೆಲ್ಲೂ ಅವನು ಅದನ್ನು ಕಂಡಿರಲಿಲ್ಲ. ಹಾಡುವವರ ಗಂಟಲು ದಿನಾ ಒಂದೇ ಹಾಗಿರುವುದಿಲ್ಲ. ಒಂದು ದಿನ ಏರುತ್ತದೆ, ನೆಗಡಿಯಾದ ದಿನ ಇಳಿಯುತ್ತದೆ. ಇಳಿದದ್ದು ಮುಂದೆ ಕೂತವರಿಗೆ ಗೊತ್ತಾಗಬಾರದು. ಆದ್ದರಿಂದ ಹಾಡು ಶುರುವಾಗುವ ಮುಂಚೆ ಪಂಪಕ್ಕ ಮೈಕಿನ ಮುಂದೆ ನಗುತ್ತ ನಿಂತು, ಎಡಗೈಯನ್ನು ಬೆನ್ನ ಹಿಂದೆ ತಂದು ಬೆರಳು ತೋರಿಸುತ್ತಿದ್ದಳು. ಮೂರು ಬೆರಳಾದರೆ ಕ್ಲಿಪ್ಪು ಗಿಟಾರಿನ ಕತ್ತಿನ ಮೇಲೆ, ಕಂಬಿಗಳ ನಡುವಿನ ಮೂರನೇ ಮನೆಗೆ, ಎರಡಾದರೆ ಎರಡನೇ ಮನೆಗೆ. ಕ್ಲಿಪ್ಪು ಎಷ್ಟು ಮೇಲಿನ ಮನೆಯಲ್ಲಿ ತಂತಿಗಳನ್ನು ಕಚ್ಚಿ ಹಿಡಿಯುತ್ತದೋ ಶ್ರುತಿ ಅಷ್ಟು ಮೇಲೆ. ಕೀಬೋರ್ಡಿನ ಅಂಜಿನೇಯನೂ ಅದೇ ಬೆರಳು ನೋಡಿ ತನ್ನ ಗುಂಡಿ ಒತ್ತುತ್ತಿದ್ದ. ಮುಂದೆ ಕೂತವರಿಗೆ ಅವಳ ನಗುಮುಖ, ಹಿಂದೆ ಕೂತವರಿಗೆ ಅವಳ ಬೆರಳು. ಆ ಬೆರಳುಗಳನ್ನು ನೋಡುವುದು ಒಂದು ನಂಬಿಕೆಯ ಕೆಲಸ ಎಂದು ಆಗ ಯಾರೂ ಅವನಿಗೆ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ ಅದು.

ಬಸ್ಸು ಬಯಲಿಗೆ ಇಳಿಯಿತು. ಗಾಳಿ ಬಿಸಿಯಾಯಿತು. ಅವನಿಗೆ ಜೋಂಪು ಹತ್ತಿತು, ಜೋಂಪಿನೊಳಗೆ ಕಂಪ್ಲಿಯ ಆ ಸಂಜೆ ತಾನಾಗಿ ಬಿಚ್ಚಿಕೊಂಡಿತು. ಕಲ್ಯಾಣ ಮಂಟಪದ ಹಿಂದಿನ ಗದ್ದೆಯಿಂದ ಕಪ್ಪೆಗಳ ಸದ್ದು, ಪನ್ನೀರಿನ ವಾಸನೆ, ಅವನ ಕಾಲ ಬಳಿ ಅವತ್ತೇ ಮೊದಲ ಸಲ ತಂದ ಪೆಡಲು. ಒತ್ತಿದರೆ ಗಿಟಾರು ಗರಗರ ಅನ್ನುತ್ತಿತ್ತು, ಒಂದು ಸ್ವರಕ್ಕೆ ಹತ್ತು ಸ್ವರ ಹಿಂದಿನಿಂದ ಓಡಿ ಬರುತ್ತಿದ್ದವು. ಅವನು ಬಗ್ಗಿ ಅದರ ಗುಂಡಿ ತಿರುವುತ್ತಿದ್ದ. ಪಂಪಕ್ಕನಿಗೆ ಅವತ್ತು ನೆಗಡಿ. ಅವಳ ಹೆಸರಿಗೇ ಬರೆದಿಟ್ಟಂತಿದ್ದ ಆ ಹಳೆಯ ಹಾಡು ಗಿಟಾರೊಂದರಿಂದಲೇ ಶುರುವಾಗುತ್ತಿತ್ತು. ಅವನು ತಲೆ ಎತ್ತಿದಾಗ ಬೆನ್ನ ಹಿಂದೆ ಕೈ ಇರಲಿಲ್ಲ, ಆಗಲೇ ಮುಂದಕ್ಕೆ ಹೋಗಿತ್ತು. ಕೇಳಬಹುದಿತ್ತು. ಒಂದು ಹೆಜ್ಜೆ ಮುಂದೆ ಹೋಗಿ, ಅಕ್ಕಾ ಎಷ್ಟು, ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಆ ಹಾಡಿಗೆ ಯಾವಾಗಲೂ ಮೂರೇ ತೋರಿಸುತ್ತಿದ್ದಳು, ಕ್ಲಿಪ್ಪು ಮೂರರಲ್ಲೇ ಇತ್ತು, ಅವನು ಶುರು ಮಾಡಿದ. ಅವಳು ಗಿಟಾರು ಕೊಟ್ಟ ಶ್ರುತಿಯನ್ನೇ ಹಿಡಿದು ಏರಿದಳು. ಆಮೇಲೆ ಕೀಬೋರ್ಡು ಸೇರಿಕೊಂಡಿತು, ಎರಡರಲ್ಲಿ. ಎರಡಕ್ಕೂ ಮೂರಕ್ಕೂ ನಡುವೆ ಇರುವ ಆ ಕೂದಲೆಳೆಯ ಜಾಗ ಹಲ್ಲಿನೊಳಗೆ ಮರಳು ಸಿಕ್ಕ ಹಾಗೆ ಕರಕರ ಅಂದಿತು. ಅವನಿಗೆ ಗೊತ್ತಾಯಿತು. ಪೆಡಲು ಒತ್ತಿದ. ಗಿಟಾರು ಕೆಸರಾಯಿತು, ಆ ಕೆಸರಿನ ಕೆಳಗೆ ಯಾರಿಗೂ ಕಾಣದಂತೆ ಕ್ಲಿಪ್ಪನ್ನು ಒಂದು ಮನೆ ಕೆಳಗೆ ಜಾರಿಸಿದ. ಗಿಟಾರೂ ಕೀಬೋರ್ಡೂ ಒಂದಾದವು. ಮೂರರಲ್ಲಿ ಉಳಿದವಳು ಪಂಪಕ್ಕ ಒಬ್ಬಳೇ. ಇಡೀ ಮಂಟಪಕ್ಕೆ ಅವಳ ದನಿಯೊಂದೇ ತಪ್ಪಾಗಿ ಕೇಳಿತು. ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆಯಿತು. ಗಂಡಿನ ಕಡೆಯ ಹುಡುಗರು ಸಿಳ್ಳೆ ಹೊಡೆದರು. ಒಬ್ಬ ಮುದುಕ ಅವಳಿಗೆ ನೀರು ಕೊಡ್ರೋ ಅಂದ. ಆ ಕರುಣೆ ಸಿಳ್ಳೆಗಿಂತ ಕೆಟ್ಟದಾಗಿತ್ತು.

ವೇದಿಕೆಯ ಹಿಂದೆ, ಅಡುಗೆಯ ಪಾತ್ರೆಗಳ ನಡುವೆ ಹುಲುಗಪ್ಪ ಕೇಳಿದ್ದ, ಎಷ್ಟು ತೋರ್ಸಿದ್ದಿ? ಎರಡು, ಅಂದಳು ಪಂಪಕ್ಕ. ಹುಲುಗಪ್ಪ ಯಲ್ಲೇಶನ ಕಡೆ ತಿರುಗಿದ. ಅಂಕಿ ಓದಿ ಹೇಳುವ ಬಾಯಿ ತಾನಾಗಿ ತೆರೆಯಿತು. ಮೂರು, ಅಂದ. ಅಂಜಿನೇಯ, ನಂಗೆ ಎರಡು ಕಂಡಂಗಿತ್ತು ಅಂದ. ಯಲ್ಲೇಶ ಇನ್ನೊಂದು ಸಲ ಮೂರು ಅಂದಾಗ, ಬೆಳಕು ಸರಿ ಇರ್ಲಿಲ್ಲ ಬಿಡು ಅಂದ. ಆಗ ಪಂಪಕ್ಕ ಎಡಗೈ ಎತ್ತಿ, ಬೇರೆ ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿಕೊಂಡಳು. "ಮೂರು ತೋರ್ಸಿದೆನೇನೋ," ಅಂದಳು. ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ಕಂಡಕ್ಟರು ಭುಜ ಅಲ್ಲಾಡಿಸಿದ. ಹೊಸಪೇಟೆ.

ಎರ್ರಿಯಪ್ಪನ ಅಂಗಡಿ ಸ್ಟೇಷನ್ ರಸ್ತೆಯಿಂದ ಒಳಗೆ, ಒಂದು ಸೈಕಲ್ ಶಾಪಿನ ಪಕ್ಕದ ಓಣಿಯಲ್ಲಿತ್ತು. ತಗಡಿನ ಮಾಡಿನಿಂದ ಡೋಲುಗಳು ತೂಗುತ್ತಿದ್ದವು; ಹೊಟ್ಟೆ ಬಿಚ್ಚಿದ ಹಾರ್ಮೋನಿಯಂ ಒಂದು ನೆಲದ ಮೇಲೆ ಮಲಗಿತ್ತು. ಬೆಸುಗೆಯ ಹೊಗೆಯ ನಡುವೆ ಎರ್ರಿಯಪ್ಪ, ಹಣೆಗೆ ಕನ್ನಡಕ ಏರಿಸಿಕೊಂಡು ಇಕ್ಕಳದಿಂದ ಏನನ್ನೋ ಹುಡುಕುತ್ತಿದ್ದ. ಬಾ ಅಳಿಯ ಅಂದ. ಗಿಟಾರು ಹಿಡಿದು ಬಂದ ಎಲ್ಲರೂ ಅವನಿಗೆ ಅಳಿಯಂದಿರೇ. ಪಂಪಕ್ಕ ಇನ್ನೂ ಬಂದಿರಲಿಲ್ಲ. ಯಲ್ಲೇಶನಿಗೆ ಅದರಿಂದ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹೊಸ ಆಂಪು ಹಗುರ, ಒಂದು ಕೈಯಲ್ಲಿ ಎತ್ತಬಹುದು. ಮುಂದೆ ನೀಲಿ ದೀಪ. ಗುಂಡಿ ಒಂದೊಂದು ಸಲ ಟಿಕ್ ಅಂದಾಗಲೂ ಗಿಟಾರು ಬೇರೆ ಊರಿಗೆ ಹೋಗುತ್ತಿತ್ತು. ಗುಹೆಯೊಳಗೆ, ನೀರೊಳಗೆ, ದೊಡ್ಡ ದೇವಸ್ಥಾನದ ಮಂಟಪದೊಳಗೆ. ಭಜನೆಗೊಂದು, ಕವ್ವಾಲಿಗೊಂದು, ಕುಣಿಯುವ ಹಾಡಿಗೊಂದು. ಬ್ಲೂಟೂತೂ ಇತ್ತು, ಎರ್ರಿಯಪ್ಪ ಹುರುಪಿನಿಂದ ಯಲ್ಲೇಶನ ಫೋನನ್ನೇ ಅದಕ್ಕೆ ಜೋಡಿಸಿ, ಫೋನಿನ ತಾಳದ ಜೊತೆ ಗಿಟಾರು ನುಡಿಸಬಹುದು ನೋಡು ಎಂದು ತೋರಿಸಿದ. ಆರ್ಕೆಸ್ಟ್ರಾದವರಿಗೆ ಇದೇ ಸರಿ ಅಂದ. ಒಂದೇ ಸಂಜೆಯಲ್ಲಿ ದೇವರ ನಾಮವೂ ಬೇಕು, ಐಟಂ ಹಾಡೂ ಬೇಕು. ಹೊರಡುವಾಗ ಟೆಂಪೋದಲ್ಲಿ ಯಾರ ತೊಡೆಯ ಮೇಲಾದರೂ ಕೂರುತ್ತದೆ. ಯಲ್ಲೇಶ ನುಡಿಸಿದ. ಬೆರಳು ಎಲ್ಲಿ ಬಿದ್ದರೂ ಚೆಂದವೇ ಕೇಳುತ್ತಿತ್ತು. ತಂತಿಯನ್ನು ಅರ್ಧ ಒತ್ತಿದರೂ, ಪಕ್ಕದ ತಂತಿ ತಾಗಿದರೂ, ಆ ನೀಲಿ ದೀಪದ ಹಿಂದೆ ಕೂತ ಯಾವನೋ ಕರುಣಾಳು ಎಲ್ಲವನ್ನೂ ಒರೆಸಿ, ಪೌಡರು ಹಚ್ಚಿ ಹೊರಗೆ ಕಳಿಸುತ್ತಿದ್ದ. ಇದು ಬೇಕು ಅನ್ನಿಸಿತು. ಎಷ್ಟು ಬೇಕು ಅನ್ನಿಸಿತೆಂದರೆ, ಆ ಬೇಕೆನ್ನುವುದಕ್ಕೇ ಅವನಿಗೆ ಹೆದರಿಕೆಯಾಯಿತು.

ಹಳೆಯದನ್ನು ಎರ್ರಿಯಪ್ಪ ಗೋಣಿಚೀಲ ಸರಿಸಿ ತೋರಿಸಿದ. ಕಂದು ಬಣ್ಣದ ಪೆಟ್ಟಿಗೆ, ಇಬ್ಬರು ಹಿಡಿದರೆ ವಾಸಿ. ಎಡ ಮೂಲೆಯಲ್ಲಿ, ಊದುಬತ್ತಿ ಒರಗಿಸಿಟ್ಟು ಸುಟ್ಟ ಒಂದು ಕಪ್ಪು ಗೆರೆ. ಯಲ್ಲೇಶ ಕೂತ. ಹಂಪಿಯ ಹೊಳೆ ಆಚೆಯದು ಮಾವ ಇದು, ಅಂದ. ಎರ್ರಿಯಪ್ಪ ಅಚ್ಚರಿಪಟ್ಟ, ಹೌದು, ಅಲ್ಲಿನ ಗೆಸ್ಟ್ ಹೌಸು ಮುಚ್ಚಿದಾಗ ಬಂದದ್ದು, ನಿಂಗೆ ಹೆಂಗ ಗೊತ್ತು? ಆ ಗೆಸ್ಟ್ ಹೌಸಿನಲ್ಲಿ ಹದಿನೆಂಟರ ಯಲ್ಲೇಶ ಲೋಟ ತೊಳೆಯುತ್ತಿದ್ದ. ಬೆಳಿಗ್ಗೆ ಹರಿಗೋಲು ದಾಟಿ ಹೋಗುವುದು, ಸಂಜೆ ದಾಟಿ ಬರುವುದು. ಬಿಳಿ ಗಡ್ಡದ ಒಬ್ಬ ಪರದೇಶಿ ಬಂಡೆಗಳ ಕಡೆ ಮುಖ ಮಾಡಿ ಈ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಮೂರು ಸ್ವರ ಬಾರಿಸಿ ಸುಮ್ಮನಾಗುತ್ತಿದ್ದ. ಸ್ವರ ಹೊಳೆ ದಾಟಿ, ಬಂಡೆಗೆ ತಾಗಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಹೋಗುತ್ತಿತ್ತು. ಅದು ಪೂರ್ತಿ ಹೋಗುವ ತನಕ ಮುದುಕ ಮುಂದಿನದನ್ನು ಬಾರಿಸುತ್ತಿರಲಿಲ್ಲ. ಕೈಯಲ್ಲಿ ಸೋಪಿನ ನೊರೆಯ ಲೋಟ ಹಿಡಿದು ನಿಂತ ಯಲ್ಲೇಶನಿಗೆ ಅವತ್ತು ಅನ್ನಿಸಿತ್ತು, ಇಷ್ಟು ತೆಳ್ಳಗೆ, ಇಷ್ಟು ಬರಿಮೈಯಲ್ಲಿ ಒಂದು ಸದ್ದು ಇರಬಲ್ಲುದೇ. ಗಿಟಾರು ಕಲಿತದ್ದೇ ಆ ಸದ್ದಿಗಾಗಿ. ಆಮೇಲೆ ಮದುವೆಗಳು, ಜನರೇಟರುಗಳು, ಪೆಡಲುಗಳು ಬಂದವು. ಅದು ಎಲ್ಲೋ ಜಾರಿಹೋಯಿತು.

"ಸ್ವಿಚ್ ಹಾಕಿದ ಕೂಡ್ಲೆ ಮಾತಾಡಂಗಿಲ್ಲ ಇದು," ಎರ್ರಿಯಪ್ಪ ಹೇಳಿದ. "ಒಳಗ ಗಾಜಿನ ವಾಲ್ವ್ ಅದಾವ. ಅವು ಕಾಯ್ಬೇಕು. ನೀನೂ ಕಾಯ್ಬೇಕು."

ಅವು ಕಾಯುತ್ತಿದ್ದಾಗ ಪಂಪಕ್ಕ ಬಂದಳು. ಬಾಗಿಲಿನ ಬೆಳಕಿಗೆ ಮೊದಲು ಅವಳ ನೆರಳು, ಆಮೇಲೆ ಚಪ್ಪಲಿ ಬಿಡುವ ಸದ್ದು. ಸೊರಗಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು. ಬಸ್ಸಿನಲ್ಲಿ ಯಾರೋ ಹೇಳಿದ ಮೇಲೆ ಗೊತ್ತಾಯಿತಂತೆ, ತೆಗೆದು ಚೀಲಕ್ಕೆ ಹಾಕಿಕೊಂಡಳು. ಕಂಪ್ಲಿಯಲ್ಲಿ ಈಗ ಬ್ಲೌಸು ಹೊಲಿಯುತ್ತಾಳೆ. ಹೆಂಗದೀಯಪ್ಪ ಯಲ್ಲೇಶ, ಕೂಸು ಹೆಂಗೈತಿ, ನಡೀತೈತೇನು ಎಂದು ಕೇಳಿದಳು. ಅವನ ಮಗಳಿಗೆ ಈಗ ಮೂರು ವರ್ಷ, ಓಡುತ್ತಾಳೆ. ಅದನ್ನು ಹೇಳಿದ. ಎರ್ರಿಯಪ್ಪ ಸ್ಟೂಲು ಒರೆಸಿ, ಕುಂದ್ರವ್ವ, ನಿನ್ನ ಹಾಡು ಕೇಳಿ ಭಾಳ ದಿನಾತು ಅಂದ. ಅವಳು ನಕ್ಕಳು. ಹಾಡು ಬಿಟ್ಟದ್ದಕ್ಕೆ ನೂರು ಜನರಿಗೆ ನೂರು ಕಾರಣ ಹೇಳಿ ಸವೆದುಹೋದ ನಗು ಅದು.

ಆಮೇಲೆ, ಯಾರೂ ಕೇಳದಿದ್ದರೂ, ಹಾರ್ಮೋನಿಯಂನ ಬಿಚ್ಚಿದ ಮನೆಗಳನ್ನು ನೋಡುತ್ತ ಹೇಳಿದಳು.

"ಈಗ ನಂಗ ನನ್ನ ಎಣಿಕಿ ಮ್ಯಾಲ ನಂಬಿಕಿ ಇಲ್ಲ ಯಜಮಾನ್ರ. ಬ್ಲೌಸಿಗೆ ಐದು ಹುಕ್ಕು ಹಚ್ಚಿದ್ರ ಎರಡು ಸಲ ಎಣಸ್ತೀನಿ. ಬಾಗಲಾ ಹಾಕಿ ಬಂದಿರ್ತೀನಿ, ಮತ್ತ ಹೋಗಿ ನೋಡ್ತೀನಿ. ಕೈ ಒಂದು ಮಾಡ್ತೈತಿ, ಮನಸ್ಸು ಒಂದು ತಿಳ್ಕೊಂಡಿರ್ತೈತಿ. ಹಂಗಾದ ಮ್ಯಾಲ ಸ್ಟೇಜ್ ಮ್ಯಾಲ ಹೆಂಗ ನಿಂದ್ರಾದು? ಇವತ್ತು ಹುಲುಗಪ್ಪಣ್ಣ ಭಾಳ ಕರದ್ರು ಅಂತ ಬಂದೆ. ಭಾನುವಾರದ್ದು ಬ್ಯಾಡ ಅಂತ ಯಲ್ಲೇಶನ ಮುಖಾ ನೋಡಿ ಹೇಳಿ ಹೋಗ್ಬೇಕು."

ಯಲ್ಲೇಶ ಗಿಟಾರಿನ ತಂತಿ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ. ಹಾಡು ಬಿಟ್ಟಳು ಎಂದಷ್ಟೇ ಇಲ್ಲಿತನಕ ಅವನಿಗೆ ಗೊತ್ತಿದ್ದದ್ದು. ತಾನು ಹೇಳಿದ ಒಂದು ಅಂಕಿ ಎರಡು ವರ್ಷದಿಂದ ಕಂಪ್ಲಿಯ ಒಂದು ಮನೆಯಲ್ಲಿ ಹೀಗೆ ಓಡಾಡಿಕೊಂಡಿದೆ, ಹುಕ್ಕುಗಳನ್ನು ಎಣಿಸುತ್ತ, ಬಾಗಿಲ ಬೀಗ ಜಗ್ಗುತ್ತ, ಎಲ್ಲೂ ನಿಲ್ಲದೆ ಓಡಾಡುತ್ತಿದೆ ಎಂದು ಗೊತ್ತಿರಲಿಲ್ಲ.

ನುಡಿಸು ಅಂದಳು ಪಂಪಕ್ಕ. ಮೊದಲು ಹೊಸದು. ಅವನು ಹೊಸದರಲ್ಲಿ ನುಡಿಸಿದ, ನಾಲ್ಕಾರು ದನಿ ಬದಲಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಚೆಂದೈತಿ, ಆದ್ರ ನೀನು ಎಲ್ಲಿದ್ದಿ ಗೊತ್ತಾಗಂಗಿಲ್ಲ, ಅಂದಳು. ತಪ್ಪು ಹುಡುಕುವ ದನಿಯಲ್ಲಿ ಅಲ್ಲ, ಬಟ್ಟೆ ಮುಟ್ಟಿ ನೋಡಿ ಇದು ಹತ್ತಿ, ಇದು ಮಿಶ್ರ ಅನ್ನುವಂತೆ. ಅವನು ವೈರನ್ನು ಹಳೆಯದಕ್ಕೆ ಹಾಕಿದ. ಎರ್ರಿಯಪ್ಪ, ಮೊದಲು ಏನೂ ಬಾರಿಸಬೇಡ, ಸುಮ್ಮನೆ ಕೇಳು ಅಂದ. ತಂತಿಗಳ ಮೇಲೆ ಅಂಗೈ ಇಟ್ಟು ಕೇಳಿದರು. ಗುಂಯ್ ಅನ್ನುವುದು ಕೂಡ ಇಲ್ಲ. ಆಮೇಲೆ ಒಂದೇ ತಂತಿ ಮೀಟಿ ಬಿಡು ಅಂದ. ಬಿಟ್ಟ. ಸ್ವರ ಎದ್ದು ಅಂಗಡಿಯ ನಡುವೆ ನಿಂತಿತು, ಯಾರ ಆಸರೆಯೂ ಇಲ್ಲದೆ, ನಿಧಾನ ತೆಳ್ಳಗಾಯಿತು, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಮುಗಿಯಿತು. ಎರ್ರಿಯಪ್ಪ ಸದ್ದು ಏರಿಸಿದ, ಇನ್ನೂ ಏರಿಸಿದ. ಡೋಲುಗಳ ಚರ್ಮ ನಡುಗಿತು, ಸ್ವರ ಮಾತ್ರ ಒಡೆಯಲಿಲ್ಲ. ನಲವತ್ತು ದನಿ ಬೇಕಂದ್ರ ಇದರ ಮುಂದ ಬೇಕಾದ ಪೆಡಲು ಇಡು, ಏನಿಟ್ರೂ ಅದನ್ನ ಹಂಗ ಹೇಳ್ತೈತಿ ಇದು, ಅಂದ ಎರ್ರಿಯಪ್ಪ. ಆದರೆ ಬೆರಳು ಎಡವಿದ್ದನ್ನೂ ಹಂಗೇ ಹೇಳುತ್ತದೆ, ಮುಚ್ಚಿಡುವುದು ಇದಕ್ಕೆ ಬರುವುದಿಲ್ಲ.

"ನನ್ನ ಹಾಡಿನ ಮೊದ್ಲಿಂದು ಬಾರ್ಸು," ಅಂದಳು ಪಂಪಕ್ಕ. "ಅದ್ರಾಗ ತಿಳೀತೈತಿ."

ಜೇಬಿನಿಂದ ಕ್ಲಿಪ್ಪು ತೆಗೆದ. ಅವನ ಕೈ ತಾನಾಗಿ ಅದನ್ನು ಮೂರನೇ ಮನೆಗೆ ಒಯ್ದು ಹಾಕಿತು. ನುಡಿಸಿದ. ಎರಡು ವರ್ಷದಿಂದ ನುಡಿಸದಿದ್ದ ಆ ಎಂಟು ಸ್ವರ, ಕೆಸರಿಲ್ಲದೆ, ಹೊಗೆಯಿಲ್ಲದೆ, ಒಂದೊಂದಾಗಿ ಹೊರಗೆ ಬಂದವು. ಎಷ್ಟು ಸ್ಪಷ್ಟವಾಗಿ ಬಂದವೆಂದರೆ ಕಂಪ್ಲಿಯ ಮಂಟಪದ ಪನ್ನೀರು, ಕಪ್ಪೆಗಳ ಸದ್ದು, ಆ ಮುದುಕನ 'ನೀರು ಕೊಡ್ರೋ' ಎಲ್ಲವೂ ಅವುಗಳ ಹಿಂದೆ ಸಾಲಾಗಿ ಬಂದು ಓಣಿಯಲ್ಲಿ ನಿಂತವು. ಪಂಪಕ್ಕನ ತುಟಿ ಹಾಡಿನ ಮೊದಲ ಮಾತಿಗೆ ತೆರೆದು ಹಾಗೇ ನಿಂತಿತು. ಅವಳ ಎಡಗೈ ಸೆರಗಿನ ಕೆಳಗೆ ಬೆನ್ನ ಹಿಂದಕ್ಕೆ ಸರಿದದ್ದನ್ನು ಅವನು ಕಂಡ. ಅವಳಿಗೇ ಗೊತ್ತಿರಲಿಲ್ಲ ಅದು. ಯಲ್ಲೇಶ ಕ್ಲಿಪ್ಪು ತೆಗೆದು ಎರಡಕ್ಕೆ ಹಾಕಿದ. ಅದೇ ಎಂಟು ಸ್ವರ ಒಂದು ಕೂದಲೆಳೆ ಕೆಳಗೆ ನುಡಿಸಿದ. ನಿಲ್ಲಿಸಿದ. ಕೊನೆಯ ಸ್ವರ ಹೋಗುವ ತನಕ ಕಾದ. ಅದು ಹೋಗುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು.

"ಅಕ್ಕಾ, ಅವತ್ತು ನೀವು ತೋರ್ಸಿದ್ದು ಎರಡು."

ಪಂಪಕ್ಕ ಸ್ಟೂಲಿನ ಮೇಲೆ ಅವನತ್ತ ತಿರುಗಿದಳು.

"ನಾನು ನೋಡಿದ್ದಿಲ್ಲ. ಪೆಡಲ್ ನೋಡಾಕತ್ತಿದ್ದೆ. ನೋಡೀನಿ ಅಂತ ಸುಳ್ಳು ಹೇಳ್ದೆ. ನಡುವ ಕ್ಲಿಪ್ಪು ಇಳಿಸಿದ್ದೂ ನಾನ. ನೀವು ತಪ್ಪಿದ್ದಿಲ್ಲಕ್ಕ. ನಿಮ್ಮ ಕೈನೂ ತಪ್ಪಿದ್ದಿಲ್ಲ."

ಎರ್ರಿಯಪ್ಪ ಎದ್ದು, ಚಹಾ ಹೇಳಿ ಬರ್ತೀನಿ ಎಂದು ಚಪ್ಪಲಿ ಹಾಕದೆ ಹೊರಗೆ ಹೋದ. ಪಂಪಕ್ಕ ಎಡಗೈಯನ್ನು ಮಡಿಲಿಗೆ ತಂದಿಟ್ಟುಕೊಂಡು ನೋಡುತ್ತಿದ್ದಳು. ಸೂಜಿಯ ತೂತುಗಳಿದ್ದ ಬೆರಳುಗಳು. ಒಂದೊಂದನ್ನೇ ಬಲಗೈಯಿಂದ ಮುಟ್ಟಿದಳು, ಊರಿಂದ ಬಂದ ಮಕ್ಕಳನ್ನು ಮುಟ್ಟಿ ನೋಡುವ ಹಾಗೆ. ಅವಳು ಬೈಯಲಿ ಎಂದು ಅವನು ಕಾದ. ಬೈದರೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತೇನೋ, ಬೈಯಲಿಲ್ಲ.

"ಎರಡು ವರ್ಷ," ಅಂದಳು. ಆಮೇಲೆ, "ಹುಲುಗಪ್ಪಣ್ಣಗ ಹೇಳು. ಈಗ. ನನ್ನ ಮುಂದ."

ಅವನು ಫೋನು ತೆಗೆದು ಕರೆ ಮಾಡಿ ಕಿವಿಗಿಟ್ಟುಕೊಂಡ. ಕಿವಿಯಲ್ಲಿ ಏನೂ ಕೇಳಲಿಲ್ಲ. ಹಿಂದಿನಿಂದ, ನೀಲಿ ದೀಪದ ಹೊಸ ಆಂಪಿನಿಂದ, ಓಣಿಗೆಲ್ಲ ಕೇಳುವಂತೆ ಹುಲುಗಪ್ಪನ ದನಿ ಹೊರಟಿತು. ಹಲೋ, ಯಾವುದು ಚಲೋ ಐತಲೇ? ಎರ್ರಿಯಪ್ಪ ಜೋಡಿಸಿಟ್ಟದ್ದು ಹಾಗೇ ಇತ್ತು. ಯಲ್ಲೇಶ ಗುಂಡಿ ಹುಡುಕಿದ, ಸಿಗಲಿಲ್ಲ. ತಿರುವಿದ್ದು ಯಾವುದೋ, ದನಿ ಇನ್ನೂ ದೊಡ್ಡದಾಯಿತು. ಸೈಕಲ್ ಶಾಪಿನವನು ಪಂಪು ಹಿಡಿದೇ ಬಂದು ಬಾಗಿಲಲ್ಲಿ ನಿಂತ, ಅವನ ಹಿಂದೆ ಓಣಿಯ ಇನ್ನೂ ನಾಲ್ವರು. ಗುಂಡಿ ಬಿಟ್ಟು ಯಲ್ಲೇಶ, ಇರಲಿ ಎಂದು, ಅಷ್ಟು ಜನರ ಮುಂದೆ, ಹೇಳಬೇಕಾದ್ದನ್ನು ಮತ್ತೆ ಹೇಳಿದ. ಎರಡು, ಮೂರಲ್ಲ. ಅಂಜಿನೇಯ ನೋಡಿದ್ದು ಸರಿ. ತಾನು ಹೇಳಿದ್ದು ಸುಳ್ಳು. ಹೇಳುತ್ತ ಹೇಳುತ್ತ, ತೂಕದ ಪೆಟ್ಟಿಗೆಯ ಅಂಕಿ ನಿಲ್ಲುವಾಗ ಆಗುವ ಹಾಗೆ, ಒಳಗೆ ಏನೋ ಒಂದು ಕಡೆ ನಿಂತಿತು. ನಿಂತದ್ದು ಹಗುರವೇನೂ ಆಗಿರಲಿಲ್ಲ. ತೂಕ ಎಷ್ಟೋ ಅಷ್ಟೇ ಇತ್ತು.

ಆಂಪಿನೊಳಗೆ ಹುಲುಗಪ್ಪ ಕೆಮ್ಮಿದ, ಅಷ್ಟು ದೊಡ್ಡ ಕೆಮ್ಮನ್ನು ಆ ಓಣಿ ಕೇಳಿರಲಿಲ್ಲ.

"ಪಂಪಕ್ಕ ಅದಾಳೇನು ಅಲ್ಲಿ?"

"ಅದೀನಿ," ಅಂದಳು.

"ಅವ್ವಾ," ಅಂದ ಹುಲುಗಪ್ಪ. ಅವನು ಅವಳನ್ನು ಹಾಗೆ ಕರೆದದ್ದು ಯಾರೂ ಕೇಳಿರಲಿಲ್ಲ. "ನಾನೂ ಅವತ್ತು ನಿನ್ನ ಮಾತು ನಂಬ್ಲಿಲ್ಲ." ಭಾನುವಾರ ಟೆಂಪೋ ಕಂಪ್ಲಿ ಮೇಲೇ ಹೋಗುತ್ತದೆ, ಮಧ್ಯಾಹ್ನ ಮೂರು ಗಂಟೆಗೆ, ಎಂದಷ್ಟೇ ಹೇಳಿದ. ಅವಳು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಆಮೇಲೆ ಹುಲುಗಪ್ಪ, ಬದುಕಬೇಕಲ್ಲ ಅನ್ನುವ ಧಾಟಿಯಲ್ಲಿ ಯಲ್ಲೇಶನನ್ನು ಕೇಳಿದ, ಯಾವುದು ತಗೊಂಡಿ? ಹಳೇದು, ಅಂದ ಯಲ್ಲೇಶ. ನಲವತ್ತು ದನಿ ಬ್ಯಾಡೇನು? ಬ್ಯಾಡಣ್ಣ. ಹೊಸ ಆಂಪು ಅವನ ಮಾತನ್ನು ಕೇಳಿಸಿಕೊಂಡು, ಟಿಂವ್ ಎಂದು ಫೋನಿನಿಂದ ಕಳಚಿಕೊಂಡಿತು.

ಚಹಾ ಬಂತು, ಕುಡಿದರು. ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಹೋದರು. ನಡುವೆ ಆಂಪು, ಅದರ ಆಚೆ ಅವಳು, ಈಚೆ ಅವನು. ಮಧ್ಯಾಹ್ನದ ಬಿಸಿಲು ರಸ್ತೆಯ ಮೇಲೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಒಮ್ಮೆ, ರೈಲ್ವೆ ಗೇಟಿನಲ್ಲಿ ನಿಂತಾಗ, ಪಂಪಕ್ಕ ಬಾಯಿ ಮುಚ್ಚಿಕೊಂಡೇ ಏನೋ ಗುನುಗಿದಳು. ಗೂಡ್ಸು ಗಾಡಿ ಅಡ್ಡ ಬಂದು, ಅದಿರಿನ ಡಬ್ಬಿಗಳು ಒಂದೊಂದಾಗಿ ಹಾದು, ಎಲ್ಲ ಮುಗಿದಾಗ ಅವಳು ಇನ್ನೂ ಗುನುಗುತ್ತಲೇ ಇದ್ದಳು. ಗಾಡಿಯ ಸದ್ದಿನೊಳಗೆ ಶ್ರುತಿ ಎಲ್ಲೂ ಜಾರಿರಲಿಲ್ಲ. ಅವನು ಮುಖ ಆಚೆ ತಿರುಗಿಸಿ ಕೂತ.

ಕಂಪ್ಲಿ ಬಸ್ಸು ಹೊರಡಲು ನಿಂತಿತ್ತು. ಅವಳು ಹೇಳದೇ ಹತ್ತಿದಳು, ಕಿಟಕಿಯ ಪಕ್ಕ ಕೂತಳು, ಮುಖ ಮುಂದಕ್ಕೆ. ಬಸ್ಸು ಹಿಂದೆ ಸರಿದು ತಿರುಗಿತು. ಆಗ ಅವಳ ಎಡಗೈ ಕಿಟಕಿಯ ಕಂಬಿಯ ಹೊರಗೆ ಇಳಿದು, ತಗಡಿನ ಮೇಲೆ ಬೆರಳು ಬಿಚ್ಚಿತು. ಅದೇ ಹೊತ್ತಿಗೆ ಸೌತೆಕಾಯಿ ಬುಟ್ಟಿಯವಳು ನಡುವೆ ಹಾದುಹೋದಳು, ಬಸ್ಸಿನ ಹೊಗೆ ಎದ್ದಿತು. ಅವನಿಗೆ ಕಂಡದ್ದು ಮೂರೋ, ನಾಲ್ಕೋ. ಕಿರುಬೆರಳು ಬಿಚ್ಚಿತ್ತೋ ಮಡಚಿತ್ತೋ. ಅವನ ಕತ್ತು ಆಗಲೇ ಆಯ್ತಕ್ಕಾ ಎಂದು ಆಡತೊಡಗಿತ್ತು. ಅರ್ಧ ಆಡಿದ ಕತ್ತನ್ನು ಅಲ್ಲೇ ನಿಲ್ಲಿಸಿದ. ಆಂಪನ್ನು ಪ್ಲಾಟ್‌ಫಾರಮ್ಮಿನ ಮೇಲೆ ಬಿಟ್ಟು, ಬೆನ್ನಿನ ಗಿಟಾರು ಸೊಂಟಕ್ಕೆ ಬಡಿಯುತ್ತಿದ್ದಂತೆ ಬಸ್ಸಿನ ಪಕ್ಕ ಓಡಿದ.

"ಅಕ್ಕಾ, ನಂಗ ಕಾಣ್ಲಿಲ್ಲ. ಎಷ್ಟು?"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಪಂಪಕ್ಕನೂ ನೋಡಿದಳು, ಬೆಳಗಿನಿಂದ ಮೊದಲ ಸಲ ಪೂರ್ತಿ ಕಣ್ಣು ತೆರೆದು. ಸ್ವಲ್ಪ ದೂರ ಅವನನ್ನು ಹಾಗೇ ಓಡಲು ಬಿಟ್ಟಳು. ಆಮೇಲೆ ಕೈಯನ್ನು ಕಿಟಕಿಯ ಹೊರಗೆ ಪೂರ್ತಿ ಚಾಚಿ, ಹೆಬ್ಬೆರಳು ಮಡಚಿ, ಊರಿಗೆಲ್ಲ ಕಾಣುವಂತೆ ಹಿಡಿದಳು.

"ನಾಕು," ಅಂದಳು. "ಎಣಿಸ್ಕೋ."

ನಾಲ್ಕರಲ್ಲಿ ಅವಳು ಯಾವತ್ತೂ ಹಾಡಿರಲಿಲ್ಲ. ಅವನು ನಿಂತ. ಒಂದೊಂದೇ ಬೆರಳು ಎಣಿಸಿದ, ಬಸ್ಸು ತಿರುವಿನಲ್ಲಿ ಮರೆಯಾಗುವ ಮುಂಚೆ ಇನ್ನೊಂದು ಸಲ ಎಣಿಸಿದ. ವಾಪಸು ಬಂದಾಗ ಸೌತೆಕಾಯಿಯವಳು ಆಂಪಿನ ಮೇಲೆ ಬುಟ್ಟಿ ಇಳಿಸಿ ಉಸಿರು ಬಿಡುತ್ತಿದ್ದಳು. ಅವನು ಅವಳ ಪಕ್ಕ ನೆಲದ ಮೇಲೆ ಕೂತು ಗಿಟಾರಿನ ಚೀಲದ ಜಿಪ್ಪು ಬಿಚ್ಚಿ, ಕ್ಲಿಪ್ಪು ತೆಗೆದು ನಾಲ್ಕನೇ ಮನೆಗೆ ಹಾಕಿದ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.